ಅಪ್‌ಡೇಟ್: ಕೌನ್ಸಿಲ್ ಟ್ಯಾಕ್ಸ್ ಬಾಕಿ ಮತ್ತು ದಿವಾಳಿಯ ನೋಟಿಸು
ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ) ಬಾಕಿ 5,600 ಪೌಂಡ್ ಆಗಿ, ನನ್ನನ್ನು ದಿವಾಳಿ ಎಂದು ಘೋಷಿಸಲು ಕೋರ್ಟಿಗೆ ಅರ್ಜಿ ಹಾಕುತ್ತೇವೆ ಎಂದು ಕೌನ್ಸಿಲ್‌ನಿಂದ ಎಚ್ಚರಿಕೆ ಬಂದಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ದಿವಾಳಿಯಾದರೆ ಕೈತಪ್ಪಬಹುದಾಗಿದ್ದ ಮನೆ ಉಳಿಯಿತು!

ಕಂತು ಕೇಳಿ ಎಂಬ ಸಲಹೆ ಮೊದಲಿಗೆ ಫಲಿಸಲಿಲ್ಲ, ಕೌನ್ಸಿಲ್‌ನವರು ಫೋನಿನಲ್ಲೇ ನಿರಾಕರಿಸಿದರು. ಕೈಹಿಡಿದದ್ದು ‘ಬ್ರೀದಿಂಗ್ ಸ್ಪೇಸ್’, ಅಂದರೆ ಬಾಕಿ ವಸೂಲಿಯನ್ನು ಕೆಲಕಾಲ ತಡೆಯುವ ಸರ್ಕಾರಿ ಯೋಜನೆ. ಅದನ್ನು ಇಲ್ಲಿ ಉತ್ತರಿಸಿ ತಿಳಿಸಿದ ಅಕ್ಕನಿಗೆ ನಾನು ಋಣಿ. ಉಚಿತ ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದೆ, 60 ದಿನ ವಸೂಲಿ ನಿಂತಿತು.

ಹಳೆಯ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ ನೋಡುತ್ತಿದ್ದ ಆ ಸಲಹೆಗಾರರು, “ಮನೆಯಲ್ಲಿ ಯಾರ್‍ಯಾರಿದ್ದೀರಿ?” ಎಂದರು. ಯಜಮಾನರು ತೀರಿಕೊಂಡ ಮೇಲೆ ನಾನೊಬ್ಬಳೇ. ಒಬ್ಬರೇ ವಯಸ್ಕರಿದ್ದರೆ ಶೇ 25 ರಿಯಾಯಿತಿ ಇದೆಯಂತೆ, ನಾನು ಕೇಳಿಯೇ ಇರಲಿಲ್ಲ! ಹಿಂದಿನ ವರ್ಷಗಳಿಗೂ ಕೊಟ್ಟರು. ಬಾಕಿ 4,300ಕ್ಕೆ ಇಳಿಯಿತು. 5,000 ಪೌಂಡ್ ಮುಟ್ಟದ ಬಾಕಿಗೆ ಕೌನ್ಸಿಲ್‌ನವರು ದಿವಾಳಿ ಅರ್ಜಿ ಹಾಕುವಂತಿಲ್ಲ. ಈಗ ತಿಂಗಳಿಗೆ 110 ಪೌಂಡ್ ಕಂತಿಗೂ ಒಪ್ಪಿದ್ದಾರೆ.