ಫುಟ್‌ಬಾಲ್ ಪಂದ್ಯದ ಸ್ಟ್ಯಾಂಡ್‌ನಲ್ಲಿ ಹೊಲಸು ಬೈದವನ ವಿಡಿಯೊ ನನ್ನ ಫೋನಿನಲ್ಲಿದೆ. ಪೇಜ್‌ಗೆ ಹಾಕಲೇ, ಬೇಡವೇ?

ಎಡಗಾಲಿನವಳು ಕೇಳಿದ್ದು:

ನಮ್ಮ ತಂಡದ ಅಭಿಮಾನಿಗಳ ಪೇಜ್ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಹೋದ ಪಂದ್ಯಕ್ಕೆ ಗೋಲ್ ಹಿಂದಿನ ಸ್ಟ್ಯಾಂಡ್‌ನಲ್ಲಿದ್ದೆ. ದ್ವಿತೀಯಾರ್ಧದಲ್ಲಿ ನಮಗೆ ಸಿಗಬೇಕಿದ್ದ ಪೆನಾಲ್ಟಿಯನ್ನು ರೆಫರಿ ಕೊಡಲಿಲ್ಲ. ಎಲ್ಲರೂ ಎದ್ದು ಕೂಗುತ್ತಿದ್ದರು, ನಾನೂ ಕೂಗಿದೆ. ನನಗಿಂತ ಸ್ವಲ್ಪ ಕೆಳಗಿನ ಸಾಲಿನಲ್ಲಿ ಒಬ್ಬ ಹೆಂಗಸು ಮಗನ ಜೊತೆ ಕೂತಿದ್ದರು. ಹುಡುಗ ಎದುರು ತಂಡದ ಸ್ಕಾರ್ಫ್ ಹಾಕಿದ್ದ, ಖುಷಿಯಿಂದ ಚಪ್ಪಾಳೆ ತಟ್ಟಿದ. ಅಷ್ಟೇ. ನಮ್ಮ ಜೆರ್ಸಿ ತೊಟ್ಟವನೊಬ್ಬ ಅವರ ಬೆನ್ನ ಹಿಂದೆಯೇ ನಿಂತಿದ್ದ. ರೆಫರಿ ಮೇಲಿದ್ದ ಸಿಟ್ಟನ್ನೆಲ್ಲ ಆ ತಾಯಿಯ ಮೇಲೆ ಸುರಿದ. ಅವನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅವರ ಮೈ, ಅವರ ಬಣ್ಣ, ಮಗ ಯಾರಿಗೆ ಹುಟ್ಟಿದ್ದು ಅನ್ನುವವರೆಗೂ ಹೋದ. ಹುಡುಗ ಸ್ಕಾರ್ಫ್ ತೆಗೆದು ಬ್ಯಾಗಿನೊಳಗೆ ತುರುಕಿದ್ದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಅಕ್ಕಪಕ್ಕದವರು ನಕ್ಕರು. ಇಬ್ಬರು ಮೂವರು ಅವನ ಬೆನ್ನು ತಟ್ಟಿದರು.

ನಾನು ರೆಕಾರ್ಡ್ ಮಾಡಿದ್ದೇನೆ. ಅವನ ಮುಖ ಸ್ಪಷ್ಟವಾಗಿದೆ, ದನಿಯೂ ಸ್ಪಷ್ಟವಾಗಿದೆ. ನಮ್ಮ ಅಡ್ಮಿನ್‌ಗಳ ಗುಂಪಿನಲ್ಲಿ ವಿಷಯ ಹೇಳಿದ್ದೇ ತಡ, ಎಲ್ಲರದೂ ಒಂದೇ ಮಾತು: ಹಾಕು, ಹೆಸರು ನಾವು ಹುಡುಕುತ್ತೇವೆ. 2025ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದದ್ದನ್ನು ಒಬ್ಬರು ಉದಾಹರಣೆ ಕೊಟ್ಟರು. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಈಗಲ್ಸ್ ಅಭಿಮಾನಿಯೊಬ್ಬ ಪ್ಯಾಕರ್ಸ್ ತಂಡದ ಅಭಿಮಾನಿ ಮಹಿಳೆಯನ್ನು ಹೊಲಸಾಗಿ ಬೈದ. ಅವರನ್ನು ಮದುವೆಯಾಗಲಿದ್ದ ಹುಡುಗ ಅದರ ವಿಡಿಯೊ ಹಾಕಿದ. ಕೆಲವೇ ದಿನಗಳಲ್ಲಿ ಬೈದವನ ಕೆಲಸ ಹೋಯಿತು, ಕ್ರೀಡಾಂಗಣಕ್ಕೆ ಕಾಲಿಡದಂತೆ ತಂಡವೂ ನಿಷೇಧಿಸಿತು. ನಮ್ಮವನಿಗೂ ಹಾಗೇ ಆಗಲಿ ಅನ್ನುತ್ತಾರೆ. ಗುಂಪಿನಲ್ಲೊಬ್ಬ ಆಗಲೇ ಅವನು ಕೆಲಸ ಮಾಡುವ ಜಾಗ ಪತ್ತೆ ಮಾಡಿದ್ದೇನೆ ಅನ್ನುತ್ತಿದ್ದಾನೆ.

ಅವನ ಮೇಲೆ ನನಗೆ ಒಂದು ಕಾಳಷ್ಟೂ ಕನಿಕರವಿಲ್ಲ. ಆದರೂ ಕೈ ತಡೆಯುತ್ತಿದೆ. ವಿಡಿಯೊದಲ್ಲಿ ಆ ತಾಯಿ ಇದ್ದಾರೆ, ಆ ಹುಡುಗ ಇದ್ದಾನೆ. ನಕ್ಕವರೂ ಇದ್ದಾರೆ, ಅವರ ಹೆಸರು ಹುಡುಕುತ್ತೇನೆಂದು ಯಾರೂ ಹೇಳುತ್ತಿಲ್ಲ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

---

ಗೇಟ್ ಏಳು

ಅಕ್ಕಾ, ನಾನು ಪಂದ್ಯದ ದಿನ ಪ್ರೇಕ್ಷಕರನ್ನು ನೋಡಿಕೊಳ್ಳುವ ಸ್ಟೂವರ್ಡ್ ಕೆಲಸ ಮಾಡುವವನು. ಹಾಕಬೇಕೋ ಬೇಡವೋ ಅನ್ನುವುದನ್ನು ಆಮೇಲೆ ನೋಡೋಣ, ಮೊದಲು ಇದನ್ನು ಮಾಡಿ, ಇವತ್ತೇ ಮಾಡಿ.

ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಕತ್ತರಿಸಬೇಡಿ, ಮೇಲೆ ಏನೂ ಬರೆಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ವಿಡಿಯೊ ಕುಗ್ಗುತ್ತದೆ, ಯಾವಾಗ ತೆಗೆದದ್ದು ಅನ್ನುವ ವಿವರವೂ ಜೊತೆಗೆ ಹೋಗುವುದಿಲ್ಲ. ನಿಮ್ಮ ಟಿಕೆಟ್, ಸೀಟ್ ನಂಬರ್, ಅವನು ನಿಂತಿದ್ದ ಸಾಲು, ಆಟದ ಎಷ್ಟನೇ ನಿಮಿಷ ಅನ್ನುವುದನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಸೀಟ್ ಗೊತ್ತಾದರೆ ಟಿಕೆಟ್ ಯಾರ ಹೆಸರಿನಲ್ಲಿ ಹೋಯಿತು ಅಂತ ಕ್ಲಬ್‌ಗೆ ಗೊತ್ತಾಗುತ್ತದೆ. ನಿಮ್ಮ ಗುಂಪಿನವರು ಫೇಸ್‌ಬುಕ್ ಜಾಲಾಡಿ ಊಹೆ ಮಾಡುವುದಕ್ಕಿಂತ ಇದು ಎಷ್ಟೋ ಭದ್ರ. ಕ್ರೀಡಾಂಗಣದ ಕ್ಯಾಮೆರಾದಲ್ಲೂ ಅವನು ಸಿಕ್ಕಿರಬಹುದು, ಆದರೆ ಆ ದೃಶ್ಯಗಳನ್ನು ಯಾರೂ ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ, ಹಳೆಯದರ ಮೇಲೆ ಹೊಸದು ಬರುತ್ತದೆ. ದೂರು ತಡವಾದಷ್ಟೂ ನಿಮ್ಮ ವಿಡಿಯೊ ಒಂಟಿಯಾಗುತ್ತದೆ.

ಪಂದ್ಯ ನಡೆಯುವಾಗಲೇ ಹತ್ತಿರದ ಸ್ಟೂವರ್ಡ್‌ಗೆ ಹೇಳಿದರೆ ನಾವು ಅವನನ್ನು ಅಲ್ಲೇ ಹಿಡಿದು ಹೊರಗೆ ಕರೆದುಕೊಂಡು ಹೋಗಬಹುದಿತ್ತು. ಇದನ್ನು ನಿಮಗೆ ಮಾತ್ರ ಹೇಳುತ್ತಿಲ್ಲ, ಇಲ್ಲಿ ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ.

---

ಬದಲಿ ಆಟಗಾರ

ನಾನು ಇದನ್ನು ಒಪ್ಪುವುದಿಲ್ಲ. ಕ್ಲಬ್‌ಗೆ ದೂರು ಕೊಡಿ ಅನ್ನುವ ಮಾತು ಕೇಳಲು ಚೆನ್ನಾಗಿರುತ್ತದೆ. ನನ್ನ ಬಣ್ಣ ಹಿಡಿದು ಬೈದವರ ಬಗ್ಗೆ ನಾನೂ ದೂರು ಕೊಟ್ಟಿದ್ದೆ. ಸೀಟ್ ನಂಬರ್ ಸಮೇತ. "ಪರಿಶೀಲಿಸುತ್ತೇವೆ" ಅನ್ನುವ ಒಂದು ಇಮೇಲ್ ಬಂತು, ಅಲ್ಲಿಗೆ ಮುಗಿಯಿತು. ಅದೇ ಜನ ಅದೇ ಸ್ಟ್ಯಾಂಡ್‌ನಲ್ಲಿ ಈಗಲೂ ನಿಲ್ಲುತ್ತಾರೆ.

ಪ್ಯಾರಿಸ್ ಮೆಟ್ರೊದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 2015ರ ಫೆಬ್ರುವರಿ 17, ಪ್ಯಾರಿಸ್‌ನ ಪಿಎಸ್‌ಜಿ ಮತ್ತು ಲಂಡನ್ನಿನ ಚೆಲ್ಸಿ ತಂಡಗಳ ಪಂದ್ಯದ ಸಂಜೆ. ರಿಷೆಲ್ಯೂ ದ್ರುಓ ನಿಲ್ದಾಣದಲ್ಲಿ ಕಪ್ಪು ವರ್ಣದ ಒಬ್ಬರು ರೈಲು ಹತ್ತಲು ಬಂದರೆ ಚೆಲ್ಸಿ ಅಭಿಮಾನಿಗಳು ಅವರನ್ನು ಹೊರಕ್ಕೆ ದಬ್ಬಿದರು. ಮತ್ತೆ ಹತ್ತಲು ಹೋದರೆ ಮತ್ತೆ ದಬ್ಬಿದರು, ಜನಾಂಗೀಯ ಹಾಡು ಬೇರೆ ಹಾಡಿದರು. ಪ್ಲಾಟ್‌ಫಾರ್ಮ್‌ನಲ್ಲಿದ್ದ ಒಬ್ಬರು ಅದನ್ನು ಚಿತ್ರೀಕರಿಸಿದ್ದು ಜಗತ್ತಿಗೆಲ್ಲ ತಲುಪಿತು. ದಬ್ಬಿಸಿಕೊಂಡವರು ಆ ರಾತ್ರಿ ಮನೆಗೆ ಹೋಗಿ ಯಾರಿಗೂ ಏನೂ ಹೇಳಿರಲಿಲ್ಲ. ಹೆಂಡತಿ ಮಕ್ಕಳಿಗೂ ಹೇಳಿರಲಿಲ್ಲ. ವಿಡಿಯೊ ಹೊರಬಂದ ಮೇಲೆಯೇ ಅವರಿಗೆ ದೂರು ಕೊಡುವ ಧೈರ್ಯ ಬಂದದ್ದು. 2017ರಲ್ಲಿ ಪ್ಯಾರಿಸ್ ನ್ಯಾಯಾಲಯ ನಾಲ್ವರನ್ನು ತಪ್ಪಿತಸ್ಥರೆಂದು ಹೇಳಿ, ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯ ಜೊತೆಗೆ 10,000 ಯೂರೊ ಪರಿಹಾರ ಕೊಡಬೇಕೆಂದಿತು. ಆ ವಿಡಿಯೊವನ್ನು ಯಾರೋ ಒಂದು ಕಚೇರಿಗೆ ಇಮೇಲ್ ಮಾಡಿ ಸುಮ್ಮನಾಗಿದ್ದರೆ ಇದೆಲ್ಲ ಆಗುತ್ತಿತ್ತೇ?

ಬೈದವನ ಮಾನದ ಬಗ್ಗೆ ಇಷ್ಟು ಚಿಂತೆ ಮಾಡುವವರು ಬೈಸಿಕೊಂಡವರ ಮಾನದ ಬಗ್ಗೆಯೂ ಅಷ್ಟೇ ಚಿಂತೆ ಮಾಡಿದ್ದನ್ನು ನಾನು ಕಂಡಿಲ್ಲ. ಹಾಕಿ.

---

ಹಳೇ ಗೋಲಿ

ಬದಲಿ ಆಟಗಾರರೇ, ನಿಮ್ಮ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಪ್ಯಾರಿಸ್‌ನ ವಿಷಯವೂ ನೀವು ಹೇಳಿದಂತೆಯೇ ಇದೆ. ಆದರೆ ಇನ್ನೊಂದು ಘಟನೆ ಇದೆ. ನಾನೂ ವರ್ಷಗಟ್ಟಲೆ ಗೋಲ್ ಕಾದವನು, ಬೆನ್ನ ಹಿಂದಿನ ಸ್ಟ್ಯಾಂಡ್‌ನಿಂದ ಬರುವ ಮಾತು ಹೇಗಿರುತ್ತದೆಂದು ಗೊತ್ತು. ಅದಕ್ಕೇ ಇದು ನನ್ನ ಮನಸ್ಸಿನಲ್ಲಿ ಉಳಿದಿದೆ.

2014ರ ಆಗಸ್ಟ್ 28. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಗ್ರೇಮಿಯೊ ಮತ್ತು ಸ್ಯಾಂಟೋಸ್ ನಡುವೆ ಆ ದೇಶದ ಕಪ್ ಟೂರ್ನಿಯಾದ ಕೋಪಾ ದೊ ಬ್ರಸಿಲ್ ಪಂದ್ಯ. ಸ್ಯಾಂಟೋಸ್ ಗೋಲ್‌ಕೀಪರ್ ಅರಾನ್ಯ ಕಪ್ಪು ವರ್ಣದವರು. ಅವರ ಗೋಲ್ ಹಿಂದಿದ್ದ ಗ್ರೇಮಿಯೊ ಅಭಿಮಾನಿಗಳು ಕೋತಿಯ ಸದ್ದು ಮಾಡಿದರು, ಕೋತಿ ಎಂದು ಕೂಗಿದರು. ಅರಾನ್ಯ ರೆಫರಿಗೆ ಹೇಳಿದರು, ಕೈ ಮಾಡಿ ತೋರಿಸಿದರು. ಕೂಗಿದವರು ಹಲವರು. ಟಿವಿ ಕ್ಯಾಮೆರಾ ಹತ್ತಿರದಿಂದ ಹಿಡಿದದ್ದು ಒಬ್ಬ ಯುವತಿಯ ಮುಖ. ಬಾಯಿಯ ಚಲನೆಯಿಂದಲೇ ಪದ ತಿಳಿಯುವಷ್ಟು ಸ್ಪಷ್ಟ.

ಮುಂದಿನದನ್ನು ಅಂತರ್ಜಾಲ ಮಾಡಿತು. ಅವಳ ಕೆಲಸ ಹೋಯಿತು. ಮನೆಗೆ ಕಲ್ಲು ಬಿತ್ತು. ಕೆಲವು ದಿನಗಳ ನಂತರ ಆ ಮನೆಗೆ ಬೆಂಕಿ ಇಟ್ಟರು. ಅವಳು ಮಾಡಿದ್ದು ಸಣ್ಣದಲ್ಲ, ಖಂಡಿತ ಸಣ್ಣದಲ್ಲ. ಆದರೆ ಯಾವ ದೇಶದ ಯಾವ ಕಾನೂನು ಅದಕ್ಕೆ ಮನೆ ಸುಡಿ ಅನ್ನುತ್ತದೆ?

ನನ್ನನ್ನು ನಿಜವಾಗಿ ಕಾಡುವುದು ಆಮೇಲಿನ ಸಂಗತಿ. ಮೂರು ವಾರ ಕಳೆದು, ಸೆಪ್ಟೆಂಬರ್ 18ಕ್ಕೆ, ಅರಾನ್ಯ ಅದೇ ಮೈದಾನಕ್ಕೆ ಲೀಗ್ ಪಂದ್ಯ ಆಡಲು ಮರಳಿದರು. ಅಷ್ಟರಲ್ಲಿ ಕ್ರೀಡಾ ನ್ಯಾಯಮಂಡಳಿ ಗ್ರೇಮಿಯೊ ತಂಡವನ್ನು ಕಪ್‌ನಿಂದಲೇ ಹೊರಹಾಕಿತ್ತು, ಆ ಹುಡುಗಿಯ ಬದುಕು ಬೀದಿಗೆ ಬಿದ್ದಿತ್ತು. ಹಾಗಾದರೆ ಸ್ಟ್ಯಾಂಡ್ ಪಾಠ ಕಲಿತಿತ್ತೇ? ಇಲ್ಲ. ಅರಾನ್ಯ ಚೆಂಡು ಮುಟ್ಟಿದಾಗಲೆಲ್ಲ ಅವರಿಗೆ ಕೂಗಾಡಿ ಅವಮಾನ ಮಾಡಿದರು. ಒಬ್ಬಳ ಮುಖಕ್ಕೆ ಎಲ್ಲ ಪಾಪವನ್ನೂ ಬಳಿದಿದ್ದರಿಂದ ಉಳಿದವರು ತಾವು ಶುದ್ಧವೆಂದುಕೊಂಡರು. ಅಷ್ಟೇ ಅಲ್ಲ, ತಮ್ಮ ತಂಡಕ್ಕೆ ಅನ್ಯಾಯ ಮಾಡಿಸಿದವನು ಗೋಲ್‌ಕೀಪರೇ ಎಂದುಕೊಂಡರು.

ಕಾನೂನು ಕೊಟ್ಟದ್ದು ಏನು ಗೊತ್ತೇ? ಅವಳೂ ಸೇರಿ ನಾಲ್ವರು ಅಭಿಮಾನಿಗಳು ಗ್ರೇಮಿಯೊ ಪಂದ್ಯದ ಹೊತ್ತಿಗೆ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕು. ನಾಲ್ವರು. ಅಂತರ್ಜಾಲಕ್ಕೆ ಗೊತ್ತಿದ್ದದ್ದು ಒಬ್ಬಳೇ. ಕಾನೂನು ಕೊಟ್ಟ ಈ ಶಿಕ್ಷೆ ನನಗೆ ತಕ್ಕದ್ದು ಅನ್ನಿಸುತ್ತದೆ: ಯಾವುದನ್ನು ಹಾಳು ಮಾಡಿದೆಯೋ ಆ ಪಂದ್ಯ ನಿನಗಿಲ್ಲ, ಇಷ್ಟು ಕಾಲದವರೆಗೆ ಇಲ್ಲ, ಆಮೇಲೆ ಮುಗಿಯಿತು. ಗೂಗಲ್‌ನಲ್ಲಿ ಹೆಸರು ಬಿದ್ದವರಿಗೆ ಆ "ಆಮೇಲೆ" ಬರುವುದೇ ಇಲ್ಲ.

ಎಡಗಾಲಿನವರೇ, ನಿಮ್ಮ ವಿಡಿಯೊದಲ್ಲಿ ನಕ್ಕವರ ಬಗ್ಗೆ ನೀವೇ ಬರೆದಿದ್ದೀರಿ. ಅದನ್ನು ಬಿಡಬೇಡಿ. ದೂರಿನಲ್ಲಿ ಅವರನ್ನೂ ಸೇರಿಸಿ.

---

ಥ್ರೋ ಇನ್

ಕೆಲಸ ಮಾಡುವ ಜಾಗ ಪತ್ತೆ ಮಾಡಿದವರ ಬಗ್ಗೆ ಎಚ್ಚರವಾಗಿರಿ. 2025ರ ಸೆಪ್ಟೆಂಬರ್‌ನಲ್ಲಿ ಮಯಾಮಿಯ ಬೇಸ್‌ಬಾಲ್ ಪಂದ್ಯವೊಂದರಲ್ಲಿ, ಅಪ್ಪ ಮಗನಿಗೆ ಕೊಟ್ಟಿದ್ದ ಚೆಂಡನ್ನು ಒಬ್ಬ ಮಹಿಳೆ ಜಗಳವಾಡಿ ಕಿತ್ತುಕೊಂಡ ವಿಡಿಯೊ ಹರಿದಾಡಿತು. ಸಂಬಂಧವೇ ಇಲ್ಲದ ಹೆಂಗಸರನ್ನು ಅವಳೇ ಇವಳು ಎಂದು ಜನ ಬೈದರು. ನ್ಯೂಜೆರ್ಸಿಯ ಒಂದು ಶಾಲಾ ಮಂಡಳಿ, ಆ ಮಹಿಳೆ ನಮ್ಮಲ್ಲಿ ಎಂದೂ ಕೆಲಸ ಮಾಡಿದವರಲ್ಲ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ನಿಮ್ಮ ಗುಂಪಿನವನು ತಪ್ಪು ಮನುಷ್ಯನನ್ನು ಹಿಡಿದಿದ್ದರೆ ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಮಕ್ಕಳ ಮುಖದ ವಿಷಯವೂ ಅಷ್ಟೇ ಗಂಭೀರ. 2021ರ ಜೂನ್ 29ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಎದುರು ಜರ್ಮನಿ ಸೋತಾಗ ಅಳುತ್ತಿದ್ದ ಪುಟ್ಟ ಹುಡುಗಿಯನ್ನು ದೊಡ್ಡ ಪರದೆಯಲ್ಲಿ ತೋರಿಸಿದರು. ಅವಳು ಮಾಡಿದ್ದು ಅಳುವುದೊಂದೇ. ಅದಕ್ಕೂ ಜನ ಅಂತರ್ಜಾಲದಲ್ಲಿ ಅವಳ ಚಿತ್ರ ಹಾಕಿ ಬೈಯದೇ ಬಿಡಲಿಲ್ಲ. ವೇಲ್ಸ್‌ನ ಒಬ್ಬರು ಮನನೊಂದು ಅವಳಿಗಾಗಿ ಹಣ ಕೂಡಿಸಿದರು, 36,000 ಪೌಂಡ್‌ಗೂ ಹೆಚ್ಚು ಸೇರಿತು, ಮನೆಯವರು ಅದನ್ನು ಯುನಿಸೆಫ್‌ಗೆ ಕೊಡಿ ಅಂದರು. ಒಳ್ಳೆಯವರೂ ಇದ್ದಾರೆ ಅನ್ನುವುದು ಸರಿ. ಆದರೆ ನಿಮ್ಮ ವಿಡಿಯೊದ ಹುಡುಗನ ಮುಖ ಹೊರಗೆ ಬಂದರೆ ಅವನಿಗೆ ಯಾರು ಎದುರಾಗುತ್ತಾರೋ ಯಾರಿಗೆ ಗೊತ್ತು.

---

ಎಡಗಾಲಿನವಳು

ಎಲ್ಲರಿಗೂ ಉಪಕಾರವಾಯಿತು. ಗೇಟ್ ಏಳು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ಕ್ಲಬ್‌ಗೂ ಪೊಲೀಸರಿಗೂ ದೂರು ಕಳಿಸಿದ್ದೇನೆ, ನಕ್ಕವರನ್ನೂ ಬೆನ್ನು ತಟ್ಟಿದವರನ್ನೂ ಸೇರಿಸಿ. ಅವನ ಕೆಲಸದ ಜಾಗದ ಸುದ್ದಿಯನ್ನು ಅಳಿಸಬೇಕೆಂದು ಗುಂಪಿನಲ್ಲಿ ಹೇಳಿದೆ, ಜಗಳವಾಯಿತು, ಕೊನೆಗೆ ಅಳಿಸಿದರು.

ಬದಲಿ ಆಟಗಾರರೇ, ನಿಮ್ಮ ಮಾತು ನನ್ನನ್ನು ಬಿಟ್ಟಿಲ್ಲ. ಪ್ಯಾರಿಸ್‌ನವರಿಗೆ ಆ ವಿಡಿಯೊ ಧೈರ್ಯ ಕೊಟ್ಟಿತು ಅಂದಿರಿ. ಫಿಲಡೆಲ್ಫಿಯಾದಲ್ಲೂ ವಿಡಿಯೊ ಹಾಕಿದ್ದು ಬೈಸಿಕೊಂಡವಳ ಕಡೆಯವನೇ. ಹಾಗಾದರೆ ಹಾಕುವುದೋ ಬಿಡುವುದೋ ಅನ್ನುವುದನ್ನು ನಾನಾಗಲೀ ನನ್ನ ಪೇಜ್ ಆಗಲೀ ತೀರ್ಮಾನಿಸುವುದಲ್ಲ, ಆ ತಾಯಿ ತೀರ್ಮಾನಿಸಬೇಕು ಅನ್ನಿಸುತ್ತಿದೆ. ಎದುರು ತಂಡದ ಅಭಿಮಾನಿ ಸಂಘದ ಮೂಲಕ ಅವರನ್ನು ತಲುಪಲು ನೋಡುತ್ತಿದ್ದೇನೆ. ಅವರು ಬೇಕೆಂದರೆ ಇಡೀ ಫೈಲ್ ಕೊಡುತ್ತೇನೆ, ಸಾಕ್ಷಿ ಹೇಳಲು ಬರುತ್ತೇನೆ. ಬೇಡವೆಂದರೆ ಯಾರಿಗೂ ತೋರಿಸುವುದಿಲ್ಲ.

ಆದರೆ ಕ್ಲಬ್ ಏನೂ ಮಾಡದಿದ್ದರೆ? ನಿಮಗೆ ಮಾಡಿದಂತೆ ನನಗೂ ಒಂದು ಇಮೇಲ್ ಕಳಿಸಿ ಸುಮ್ಮನಾದರೆ?

---

ಬದಲಿ ಆಟಗಾರ

ಮೊದಲು ಆ ತಾಯಿಯನ್ನು ಕೇಳುವುದು ಸರಿ. ಅದು ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಹಳೇ ಗೋಲಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ಮುಖ ಮುಚ್ಚಿಟ್ಟರೆ ಕ್ಲಬ್‌ಗಳು ಮೈಮರೆಯುತ್ತವೆ ಅನ್ನುವುದು ನನ್ನ ಅನುಭವ.

ನಿಮ್ಮ ಕೊನೆಯ ಪ್ರಶ್ನೆಗೆ ಹೇಳುತ್ತೇನೆ. ಕ್ಲಬ್ ಸುಮ್ಮನಾದರೆ ಕ್ಲಬ್‌ನ ಮಾನವನ್ನೇ ಬೀದಿಗೆ ತನ್ನಿ. ನೀವು ಕಳಿಸಿದ ದೂರು, ಕಳಿಸಿದ ತಾರೀಖು, ಅವರು ಕೊಟ್ಟ ಉತ್ತರ ಅಥವಾ ಕೊಡದ ಉತ್ತರ, ಎಲ್ಲವನ್ನೂ ಪೇಜ್‌ನಲ್ಲಿ ಹಾಕಿ. ಮುಖಗಳೆಲ್ಲ ಬ್ಲರ್ ಆಗಿರಲಿ, ದನಿ ಕೇಳಿಸಲಿ. ಆಡಿದ ಮಾತು ಏನೆಂದು ಜನಕ್ಕೆ ಗೊತ್ತಾಗಲಿ. ಆ ತಾಯಿ ಒಪ್ಪಿದರೆ ಮಾತ್ರ. ಮುಂದಿನ ಪಂದ್ಯಕ್ಕೆ ಟಿಕೆಟ್ ಮಾರುವ ಪೋಸ್ಟ್ ಹಾಕಿದಾಗಲೆಲ್ಲ ಅದರ ಕೆಳಗೆ ಕೇಳಿ: ಆ ದಿನದ ದೂರು ಏನಾಯಿತು? ನಿಮ್ಮ ಪೇಜ್‌ನವರೆಲ್ಲ ಒಟ್ಟಿಗೆ ಕೇಳಿ. ನಾನೂ ಬಂದು ಕೇಳುತ್ತೇನೆ, ಲಿಂಕ್ ಕಳಿಸಿ.

---

ಗೇಟ್ ಏಳು

ಇನ್ನೊಂದು ವಿಷಯ ಅಕ್ಕಾ. ದೂರು ಕೊಟ್ಟಿದ್ದಕ್ಕೆ ಅವರು ನಂಬರ್ ಕೊಟ್ಟಿರುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ. ಮತ್ತೆ ವಿಚಾರಿಸುವಾಗ ಆ ನಂಬರ್ ಬರೆದೇ ಕಳಿಸಿ, ಇಲ್ಲದಿದ್ದರೆ ಪ್ರತಿ ಸಲವೂ ಹೊಸ ದೂರು ಅಂತ ಬೇರೆ ಮೇಜಿಗೆ ಹೋಗುತ್ತದೆ.