ಅಡುಗೆಮನೆಗೆ ವಿನೈಲ್ ಪ್ಲ್ಯಾಂಕ್, ಅಡಿಯಲ್ಲಿ ಹೀಟಿಂಗ್: ಕ್ಲಿಕ್ ಹಾಕಿಸೋದಾ, ಅಂಟಿಸೋದಾ?

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, 1930ರ ದಶಕದ ಸೆಮಿ (ಪಕ್ಕದ ಮನೆಗೆ ಒಂದು ಗೋಡೆ ಅಂಟಿಕೊಂಡಿರೋ) ಮನೆ. ಅಡುಗೆಮನೆ ಪೂರ್ತಿ ಕಿತ್ತು ಹೊಸದು ಮಾಡಿಸ್ತಿದ್ದೀವಿ. ಕಾಂಕ್ರೀಟ್ ನೆಲ, ಚಳಿಗಾಲದಲ್ಲಿ ಕಾಲಿಟ್ಟರೆ ಜುಮ್ ಅನ್ನುತ್ತೆ. ಮೈಸೂರಿಂದ ಅತ್ತೆ ಬಂದರೆ ಎರಡು ಜೊತೆ ಸಾಕ್ಸ್ ಹಾಕ್ಕೊಂಡು ಚಪಾತಿ ಲಟ್ಟಿಸ್ತಾರೆ. ಕರೆಂಟಿನ ಫಾಯಿಲ್ ಮ್ಯಾಟ್ (ತೆಳು ಲೋಹದ ಹಾಳೆಯೊಳಗೆ ಬಿಸಿಯಾಗೋ ವೈರ್) ಹಾಸಿ ಮೇಲೆ ಕ್ಲಿಕ್ ವಿನೈಲ್ (ಗೋಂದಿಲ್ಲದೆ ಒಂದಕ್ಕೊಂದು ಲಾಕ್ ಆಗೋ ಪ್ಲ್ಯಾಂಕ್) ಕೂರಿಸಿದರೆ ಎರಡೇ ದಿನದ ಕೆಲಸ, ರೇಡಿಯೇಟರ್ ತೆಗೆದುಬಿಡಬಹುದು ಅಂತಾನೆ ಬಿಲ್ಡರ್. ಬೀರುಗಳು ಬಂದ ಮೇಲೆ ಉಳಿಯೋ ನೆಲ 10 ಚದರ ಮೀಟರ್. ಹಳೇ ವಿನೈಲ್ ಟೈಲ್ಸ್ ಎಬ್ಬಿಸಿದಾಗ ಕೆಳಗೆ ಕಪ್ಪು ಗೋಂದು ಕಾಣಿಸ್ತು. ಏನು ಮಾಡಲಿ?

ಉತ್ತರ: ಮೇಡಂ, ಕೊನೆಗೆ ಹೇಳಿದಿರಲ್ಲ ಕಪ್ಪು ಗೋಂದು, ಮೊದಲು ಅದು. ಕೆರೆಯೋದು, ಮೆಷಿನ್‌ನಲ್ಲಿ ಉಜ್ಜೋದು ಇವತ್ತೇ ನಿಲ್ಲಿಸಿ. ಬ್ರಿಟನ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಧೂಳು ಉಸಿರಲ್ಲಿ ಹೋದರೆ ಅಪಾಯ) ಪೂರ್ತಿ ನಿಷೇಧ ಆಗಿದ್ದು 1999ರಲ್ಲಿ. ಅದಕ್ಕೂ ಹಿಂದಿನ ಟೈಲ್‌ನಲ್ಲಿ, ಬಿಟುಮೆನ್ (ಡಾಂಬರಿನಂಥ) ಗೋಂದಿನಲ್ಲಿ ಅದು ಇರೋ ಸಾಧ್ಯತೆ ಇದೆ. ಸ್ಯಾಂಪಲ್ ತೆಗೆಸಿ ಲ್ಯಾಬಿಗೆ ಕಳಿಸಿ, ವರದಿ ಬಂದ ಮೇಲೆ ಮುಂದಿನ ಮಾತು.

ಇನ್ನು ಹೀಟಿಂಗ್. ಬಹುತೇಕ ಎಲ್ಲಾ ವಿನೈಲ್ ಕಂಪನಿಗಳೂ ನೆಲದ ಮೇಲ್ಮೈ 27 ಡಿಗ್ರಿ ದಾಟಬಾರದು ಅಂತಾವೆ. ಅಲ್ಲೇ ನಿಮ್ಮ ಬಿಲ್ಡರ್ ಲೆಕ್ಕ ತಪ್ಪೋದು. ಮ್ಯಾಟ್ ಚದರ ಮೀಟರಿಗೆ 150 ವ್ಯಾಟ್‌ದು ಇರಬಹುದು. ಆದರೆ 27 ಡಿಗ್ರಿಯ ನೆಲ 20 ಡಿಗ್ರಿಯ ಕೋಣೆಗೆ ಕೊಡೋದು ಚದರ ಮೀಟರಿಗೆ ಹೆಚ್ಚುಕಡಿಮೆ 70 ವ್ಯಾಟ್ ಅಷ್ಟೇ. ನಿಮ್ಮ 10 ಚದರ ಮೀಟರಿಗೆ 700 ವ್ಯಾಟ್. ಜನವರಿಯಲ್ಲಿ ಹಳೇ ಗೋಡೆಯ ಮನೆಗೆ ಅದು ಯಾವ ಮೂಲೆಗೂ ಸಾಲಲ್ಲ. ಕಾಲಿಗೆ ಹಿತ ಅನ್ನಿ, ಒಪ್ತೀನಿ. ರೇಡಿಯೇಟರ್ ಇರಲಿ. ಖರ್ಚೂ ಹಾಗೇ, ಯೂನಿಟ್‌ಗೆ 25 ಪೆನ್ಸ್ ಹಿಡಿದರೆ ಗಂಟೆಗೆ 17–18 ಪೆನ್ಸ್.

ಫಾಯಿಲ್ ಮೇಲೆ ನೇರವಾಗಿ ಕ್ಲಿಕ್ ವಿನೈಲ್ ನಾನಂತೂ ಹಾಕಲ್ಲ. ಅಲ್ಲಲ್ಲಿ ಬಿಸಿ ಹೆಚ್ಚಾಗಿ ಪ್ಲ್ಯಾಂಕ್ ಹಿಗ್ಗುತ್ತೆ, ಲಾಕ್ ಬಿಡುತ್ತೆ. ಕಾಂಕ್ರೀಟ್ ಮೇಲೆ ಇನ್ಸುಲೇಷನ್ ಬೋರ್ಡ್ (ಇಲ್ಲದಿದ್ದರೆ ಬಿಸಿಯೆಲ್ಲ ಭೂಮಿತಾಯಿಗೆ), ಅದರ ಮೇಲೆ ವೈರ್ ಮ್ಯಾಟ್, ಮೇಲೆ ಕನಿಷ್ಠ 10 ಮಿಲಿಮೀಟರ್ ಲೆವೆಲಿಂಗ್ ಕಾಂಪೌಂಡ್ (ನೆಲ ಸಮತಟ್ಟು ಮಾಡೋಕೆ ಸುರಿಯೋ ಗಾರೆ), ಆಮೇಲೆ ಬಿಸಿ ತಡೆಯೋ ಗೋಂದಲ್ಲಿ 2.5 ಮಿಲಿಮೀಟರ್ ಪ್ಲ್ಯಾಂಕ್ ಅಂಟಿಸಿ. ಬೀರುಗಳ ಕೆಳಗೆ ವೈರ್ ಬೇಡ. ನೆಲದ ಸೆನ್ಸರ್ ಕೊಳವೆಯೊಳಗೇ ಇಡಿಸಿ, ಕೆಟ್ಟರೆ ಎಳೆದು ಬದಲಿಸಬಹುದು. ಕನೆಕ್ಷನ್ ಎಲೆಕ್ಟ್ರಿಷಿಯನ್ ಕೈಲೇ ಆಗಲಿ.

ಪ್ರಶ್ನೆ: ಕ್ಲಿಕ್‌ದೇ ಬೇಕು ಅಂತ ನಮ್ಮ ಯಜಮಾನರ ಹಟ. ಡಿಸೈನ್ ಇಷ್ಟ ಆಗಿದೆ.

ಉತ್ತರ: ಅದೇ ಕಾಂಪೌಂಡ್ ಮೇಲೆ ಕ್ಲಿಕ್ ಕೂರಿಸಬಹುದು, ಕಂಪನಿ ಒಪ್ಪಿದ್ದರೆ. ಆದರೆ ಅದು ತೇಲೋ ನೆಲ, ಅಂದರೆ ಕೆಳಗೆ ಅಂಟಿಸಿರಲ್ಲ. ಮೇಲೆ ಬೀರು, ಐಲ್ಯಾಂಡ್ (ಅಡುಗೆಮನೆ ನಡುವಿನ ಕಟ್ಟೆ) ಕೂರಿಸಿ ಬಿಗಿದರೆ ಅಲುಗಾಡಕ್ಕೆ ಜಾಗ ಇಲ್ಲದೆ ಬೇರೆಲ್ಲೋ ಉಬ್ಬುತ್ತೆ. ಬೀರು ಮೊದಲು, ನೆಲ ಆಮೇಲೆ, ಸುತ್ತ ಕಂಪನಿ ಹೇಳಿದಷ್ಟು ಸಂದು. ಮಟ್ಟವೂ ನೋಡಿ: 2 ಮೀಟರ್ ಪಟ್ಟಿ ಇಟ್ಟರೆ 3 ಮಿಲಿಮೀಟರಿಗಿಂತ ಹೆಚ್ಚು ತಗ್ಗು ಇರಬಾರದು. ಯಜಮಾನರಿಗೆ ಅಂಟಿಸೋದರಲ್ಲೂ ಅದೇ ಓಕ್ ಡಿಸೈನ್ ತೋರಿಸಿ.

ಇನ್ನೊಬ್ಬರು: ಸರ್, ನಮ್ಮದು ನೀರಿನ ಪೈಪ್ ಸಿಸ್ಟಮ್. ಪೈಪ್ ಮೇಲೆ 65 ಮಿಲಿಮೀಟರ್ ಸ್ಕ್ರೀಡ್ (ನೆಲದ ಗಾರೆ ಪದರ) ಹಾಕಿ ಮೂರು ವಾರ ಆಯ್ತು, ಮೇಲೆ ಒಣಗಿದ ಹಾಗೇ ಇದೆ. ಮುಂದಿನ ವಾರ ವಿನೈಲ್ ಹಾಕಿಸಲಾ?

ಉತ್ತರ: ಬೇಡ. ಮರಳು ಸಿಮೆಂಟಿನ ಸ್ಕ್ರೀಡ್ ಒಣಗೋದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅದೂ ಮೊದಲ 50ಕ್ಕೆ. ಉಳಿದ 15ಕ್ಕೆ ದುಪ್ಪಟ್ಟು ಸಮಯ, ಮಿಲಿಮೀಟರಿಗೆ ಎರಡು ದಿನ. ಅಂದರೆ 80 ದಿನದ ಹತ್ತಿರ. ಈಗ 21 ದಿನ ಆಗಿದ್ದರೆ ಹೀಟಿಂಗ್ ಸಣ್ಣಗೆ ಹಚ್ಚಿ, ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಹೈಗ್ರೋಮೀಟರ್ (ತೇವ ಅಳೆಯೋ ಮೀಟರ್) 75 ಪರ್ಸೆಂಟ್ ಅಥವಾ ಕೆಳಗೆ ತೋರಿಸಬೇಕು, ಕೈ ಇಟ್ಟು ನೋಡಿದ್ದು ಲೆಕ್ಕಕ್ಕಿಲ್ಲ. ಅಂಟಿಸೋಕೆ 48 ಗಂಟೆ ಮೊದಲು ಹೀಟಿಂಗ್ ಆಫ್, ಅಂಟಿಸಿದ ಮೇಲೂ 48 ಗಂಟೆ ಆಫ್.

ಪ್ರಶ್ನೆ: ಸರ್, ಕೊನೇ ಪ್ರಶ್ನೆ, ನಗಬೇಡಿ. ಅತ್ತೆ ಕೇಳ್ತಿದ್ದಾರೆ, ದೋಸೆ ಹಿಟ್ಟಿನ ಪಾತ್ರೆ ಆ ನೆಲದ ಮೇಲಿಟ್ಟರೆ ಹುಳಿ ಬರುತ್ತಾ?

ಉತ್ತರ: ನಮ್ಮನೇಲೂ ಚಳಿಗಾಲಕ್ಕೆ ಅಲ್ಲೇ ಇಡೋದು. ಉಬ್ಬಿ ಚೆಲ್ಲಿದರೆ ಒರೆಸಿಕೊಳ್ಳಬಹುದು. ಪಾತ್ರೆ ಕೆಳಗೆ ರಬ್ಬರ್ ತಳದ ಮ್ಯಾಟ್ ಮಾತ್ರ ಹಾಕಬೇಡಿ ಅನ್ನಿ, ವಿನೈಲ್ ಮೇಲೆ ಹಳದಿ ಕಲೆ ಕೂತರೆ ಏನು ಉಜ್ಜಿದರೂ ಹೋಗಲ್ಲ.