ಬಹುಮಾನ ಬಂದ ಪೋಸ್ಟರ್ ಬಗ್ಗೆ ಫಾರಂನಲ್ಲಿ ಏನು ಬರೆಯಲಿ?

ಕೊಪ್ಪಳದ_ಎಚ್‌ಆರ್:

ಎಲ್ಲರಿಗೂ ನಮಸ್ಕಾರ. ಕೊಪ್ಪಳ–ಹೊಸಪೇಟೆ ರಸ್ತೆ ಕಡೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಮೂರು ವರ್ಷದಿಂದ ನನ್ನ ಹುದ್ದೆಗೆ 'ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್ ಲೀಡ್' ಅಂತ ಇನ್ನೊಂದು ಬಾಲ ಸೇರಿದೆ. ಸಂಬಳ ಮಾತ್ರ ಅಷ್ಟೇ. ಅಮ್ಮ ಅದೇನು ಕೆಲಸ ಅಂತ ಕೇಳಿದಳು. "ಯಾರನ್ನೂ ಹೊರಗಿಡದೆ ಎಲ್ಲರನ್ನೂ ಕರೆದು ಕೂರಿಸೋದು" ಅಂದೆ. "ಅದು ಪಂಕ್ತಿ ಬಡಿಸೋರ ಕೆಲಸ ಅಲ್ವಾ" ಅಂದಳು.

ಈಗ ಮಾರ್ಚ್. ವರ್ಷದ ಕೆಲಸ ಅಳೆಯುವ ಅಪ್ರೈಸಲ್ ಫಾರಂ ಬಂದಿದೆ. ಒಂದು ಪ್ರಶ್ನೆ ಹೀಗಿದೆ: ಈ ವರ್ಷ ನೀವು ವ್ಯಕ್ತಿಯಾಗಿ ಎಲ್ಲಿ ಬೆಳೆದಿರಿ? ಮ್ಯಾನೇಜರನ್ನು ಕೇಳಿದರೆ, "ಪೋಸ್ಟರ್‌ಗೆ ಬಹುಮಾನ ಬಂತಲ್ಲ, ಅದನ್ನೇ ಬರೀರಿ" ಅಂದರು. ನನ್ನ ತಲೆನೋವು ಇರುವುದೇ ಆ ಪೋಸ್ಟರ್‌ನಲ್ಲಿ.

ಕಳೆದ ವರ್ಷದ ಮಹಿಳಾ ದಿನಕ್ಕೆ ಮಾಡಿದ್ದು ಅದು. ನಮ್ಮ ವೆಲ್ಡಿಂಗ್ ವಿಭಾಗದಲ್ಲಿ ಒಬ್ಬಳೇ ಹುಡುಗಿ ಇದ್ದಳು. ಕುಷ್ಟಗಿ ಕಡೆಯ ಹಳ್ಳಿಯವಳು, ಐಟಿಐ ಓದಿದವಳು. ಗಾಗಲ್ ಹಣೆ ಮೇಲೆ ಏರಿಸಿ ನಿಂತಿದ್ದಾಗ ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಅವಳು ನಕ್ಕಳು. ಅದನ್ನೇ ಒಪ್ಪಿಗೆ ಅಂದುಕೊಂಡೆ. ಗೇಟಿನ ಪಕ್ಕ ಆರಡಿ ಬ್ಯಾನರ್ ಕಟ್ಟಿಸಿದೆವು. ಆಮೇಲೆ ಅದು ವಾಟ್ಸಾಪ್‌ನಲ್ಲಿ ಎಲ್ಲ ಕಡೆ ಓಡಾಡಿತು.

ವಾರದೊಳಗೆ ಹುಡುಗಿ ಕೆಲಸ ಬಿಟ್ಟಳು. ರಿಜಿಸ್ಟರ್‌ನಲ್ಲಿ 'ವೈಯಕ್ತಿಕ ಕಾರಣ' ಅಂತ ನಾನೇ ಬರೆದೆ. ಎರಡು ತಿಂಗಳು ಕಳೆದ ಮೇಲೆ ಗೇಟ್ ಮುಂದಿನ ಅಂಗಡಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುವಾಗ ಅವಳ ಜೊತೆಗಾರ್ತಿ ಬಾಯಿ ಬಿಟ್ಟಳು. ಸ್ಟೋರ್ಸ್‌ನಲ್ಲಿ ಬಿಲ್ ಬರೆಯುವ ಕೆಲಸ ಅಂತ ಮನೆಯಲ್ಲಿ ಹೇಳಿದ್ದಳಂತೆ. ಮದುವೆ ಮಾತು ನಡೆದಿತ್ತು. ಗಂಡಿನ ಕಡೆಯವರ ಮೊಬೈಲಿಗೆ ನಮ್ಮ ಪೋಸ್ಟರ್ ಹೋಗಿದೆ. ಮರುದಿನದಿಂದ ಅವಳು ಹೊಸ್ತಿಲು ದಾಟಿಲ್ಲ. ಜೂನ್‌ನಲ್ಲಿ ಅದೇ ಪೋಸ್ಟರ್‌ಗೆ ಹೆಡ್ ಆಫೀಸಿನ ಬಹುಮಾನ ಬಂತು. ವೇದಿಕೆ ಹತ್ತಿ ಇಸ್ಕೊಂಡು ಬಂದವಳು ನಾನೇ.

ತಮಾಷೆ ನೋಡಿ. ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಹಾಕಬೇಕಾದರೆ ಅವರ ಒಪ್ಪಿಗೆ ಬೇಕು. ಅವಳ ಸಹಿ ನನ್ನ ಫೈಲ್‌ನಲ್ಲಿ ಭದ್ರವಾಗಿದೆ. ಫೋಟೋಗೆ ಮಾತ್ರ ಕೇಳಲಿಲ್ಲ.

ಇದನ್ನು ಫಾರಂನಲ್ಲಿ ಬರೆಯಬೇಕಾ? ನಿಮ್ಮಲ್ಲಿ ಯಾರಾದರೂ ಹೀಗೆ ಬರೆದಿದ್ದೀರಾ?

ರಾಯಚೂರು_ಬಿಸಿಲು:

ಮೇಡಂ, ನಾನೂ ಎಚ್‌ಆರ್. ಅಪ್ರೈಸಲ್ ಫಾರಂ ಡೈರಿ ಅಲ್ಲ. 'ಫೋಟೋ ತೆಗೆಯುವ ಮೊದಲು ಲಿಖಿತ ಒಪ್ಪಿಗೆ ಪಡೆಯುವ ಪದ್ಧತಿ ತಂದೆ' ಅಂತ ಒಂದು ಸಾಲು ಹಾಕಿ, ಸಾಕು. ಯಾಕೆ ತಂದಿರಿ ಅಂತ ಯಾರೂ ಕೇಳಲ್ಲ. ಮೊದಲು ಪದ್ಧತಿ ತನ್ನಿ, ಆಮೇಲೆ ಬರೀರಿ ಅಷ್ಟೆ.

ನನ್ನದೂ ಒಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳೂ ನನಗೆ ಬಾಯಿಪಾಠ. ನಮ್ಮ ಪ್ಯಾಕಿಂಗ್‌ನಲ್ಲಿ ಕಿವಿ ಕೇಳದ ಹುಡುಗನೊಬ್ಬ ಇದ್ದಾನೆ. ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಹಾರ್ನ್ ಬಿಟ್ಟರೆ ಬೇರೆ ಸೂಚನೆ ಇಲ್ಲ ಅಂತ ನನಗೆ ಹೊಳೆದದ್ದೇ ಒಂದು ವರ್ಷ ಆದಮೇಲೆ. ಅಷ್ಟು ದಿನ ಪಕ್ಕದ ಹಮಾಲರು ಅವನ ಭುಜ ತಟ್ಟಿ ಸರಿಸುತ್ತಿದ್ದರು. ಈಗ ಗಾಡಿಗೆ ಮಿನುಗುವ ದೀಪ ಹಾಕಿಸಿದ್ದೇವೆ. ಫಾರಂನಲ್ಲಿ ದೀಪದ ವಿಷಯ ಮಾತ್ರ ಬರೆದೆ.

ಹಟ್ಟಿ_ನಿವೃತ್ತ:

ತಂಗಿ, ನಾನು ಹಟ್ಟಿ ಗಣಿಯಲ್ಲಿ ನೆಲದಡಿ ದುಡಿದವನು. 1952ರ ಗಣಿ ಕಾಯ್ದೆ ಹೆಂಗಸರನ್ನು ಒಳಗೆ ಇಳಿಯಲು ಬಿಡುತ್ತಿರಲಿಲ್ಲ. 2019ರಲ್ಲಿ ಸರ್ಕಾರ ಷರತ್ತು ಹಾಕಿ ಸಡಿಲ ಮಾಡಿತು. ಕಾಯ್ದೆಗೆ ಬುದ್ಧಿ ಬರಲು 67 ವರ್ಷ ಹಿಡಿಯಿತು, ನಿಮಗೆ ಎರಡು ತಿಂಗಳು. ಅದಕ್ಕೆ ಜಾಸ್ತಿ ಕೊರಗಬೇಡಿ.

ಆದರೆ ಇಷ್ಟುದ್ದ ಬರೆದಿದ್ದೀರಿ, ಆ ಹುಡುಗಿ ಈಗ ಹೇಗಿದ್ದಾಳೆ ಅನ್ನುವುದೇ ಇಲ್ಲವಲ್ಲ? ಅವಳನ್ನು ಮಾತಾಡಿಸಿದಿರಾ? ಫಾರಂ ಎಲ್ಲಿಗೂ ಓಡಿ ಹೋಗಲ್ಲ.

ಎರಡನೇ_ಪಾಳಿ:

ಅಕ್ಕಾ, ನಾನು ಇನ್ನೊಂದು ಕಾರ್ಖಾನೆಯಲ್ಲಿ ಕಸ ಗುಡಿಸುವ ಗುತ್ತಿಗೆ ಕೆಲಸದವಳು. ನಮ್ಮ ಫೋಟೋ ಯಾರೂ ತೆಗೆಯಲ್ಲ, ಅದೊಂದು ಪುಣ್ಯ. ಲೈಂಗಿಕ ಕಿರುಕುಳದ ದೂರು ಸಮಿತಿಯ ಬೋರ್ಡ್ ನಮ್ಮಲ್ಲಿ ಇಂಗ್ಲಿಷಿನಲ್ಲಿದೆ. 2013ರ ಆ ಕಾಯ್ದೆ ಗುತ್ತಿಗೆಯವರಿಗೂ ಸೇರುತ್ತದೆ ಅಂತ ನನಗೆ ಹೇಳಿದ್ದು ಮಗಳು, ಕಂಪನಿ ಅಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡಿ. ಕ್ಯಾಂಟೀನ್‌ನಲ್ಲಿ ಜಾಗ ಇದ್ದರೂ ನಮ್ಮ ಕೇರಿಯವರು ಶೆಡ್ಡಿನ ಹಿಂದೆ ಕೂತು ಬುತ್ತಿ ಬಿಚ್ಚುತ್ತೇವೆ. ಹೋಗಿ ಅಂತ ಯಾರೂ ಅಂದಿಲ್ಲ, ಬನ್ನಿ ಅಂತಲೂ ಅಂದಿಲ್ಲ. ನಿಮ್ಮ ಟ್ರೇನಿಂಗ್‌ನಲ್ಲಿ ಜಾತಿ ಅನ್ನುವ ಮಾತು ಒಂದು ಸಲ ಆದರೂ ಬರುತ್ತಾ?

ಕೊಪ್ಪಳದ_ಎಚ್‌ಆರ್:

ಎರಡನೇ ಪಾಳಿ ಅಕ್ಕಾ, ನಿಮ್ಮ ಮಾತು ಓದಿ ಹೆಡ್ ಆಫೀಸಿನಿಂದ ಬಂದ ಸ್ಲೈಡುಗಳನ್ನು ತೆಗೆದು ನೋಡಿದೆ. 42 ಇವೆ. ಲಿಂಗ ಇದೆ, ವಯಸ್ಸು ಇದೆ, ಅಂಗವೈಕಲ್ಯ ಇದೆ. ಜಾತಿ ಇಲ್ಲ. ಮೂರು ವರ್ಷದಿಂದ ಅದೇ ಸ್ಲೈಡು ತೋರಿಸುತ್ತಿದ್ದೇನೆ, ನನಗೆ ಅದು ಕಂಡಿರಲಿಲ್ಲ. ನಮ್ಮಲ್ಲೂ ಒಂದು ಶೆಡ್ ಇದೆ. ನಿನ್ನೆ ಊಟದ ಹೊತ್ತಿಗೆ ಅದರ ಹಿಂದೆ ಹೋದೆ. ಏಳು ಜನ ಇದ್ದರು. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಏನು ಮಾತಾಡಬೇಕೋ ತಿಳಿಯದೆ ಸುಮ್ನೆ ವಾಪಸ್ ಬಂದೆ. ಇವತ್ತು ನನ್ನ ಡಬ್ಬಿ ಹಿಡಿದು ಹೋಗಿದ್ದೆ. ಇಬ್ಬರು ಮಾತ್ರ ಎದ್ದರು.

ಹಟ್ಟಿ ಅಣ್ಣಾ, ಫೋನ್ ಮಾಡಿದೆ. ಮೊದಲ ಸಲ ಅವಳ ತಮ್ಮ ಎತ್ತಿದ, "ಅಕ್ಕ ಹೊಲದಾಗ ಅದಾಳ" ಅಂದು ಇಟ್ಟ. ಸಂಜೆ ಅವಳೇ ಮಾಡಿದಳು. ಕ್ಷಮೆ ಕೇಳೋಣ ಅಂತ ಬಾಯಿ ತೆರೆದರೆ ಅವಳು ಅದಕ್ಕೆ ಬಿಡಲೇ ಇಲ್ಲ. "ಮೇಡಂ, ವೆಲ್ಡಿಂಗ್ ಮಾಡಿದ್ದಕ್ಕೆ ಅನುಭವ ಪತ್ರ ಕೊಡ್ತೀರಾ? ಅದರ ಮೇಲೆ ಫೋಟೋ ಬ್ಯಾಡ್ರಿ" ಅಂದಳು.

ಪತ್ರ ಟೈಪ್ ಮಾಡಿಸಿದ್ದೇನೆ. ಭಾನುವಾರ ನಾನೇ ಕುಷ್ಟಗಿಗೆ ಹೋಗುತ್ತಿದ್ದೇನೆ. ಮನೆಗೆ ಬೇಡ, ಬಸ್ ಸ್ಟ್ಯಾಂಡಿಗೆ ಬರುತ್ತೇನೆ ಅಂದಿದ್ದಾಳೆ. ಫಾರಂ ಇನ್ನೂ ಖಾಲಿ ಇದೆ.